ಇಂಟರ್‌ಲ್ಯೂಕಿನ್-೬ರ ಗ್ರಾಹಕ ಮತ್ತು ಉರಿಯೂತ: ಪ್ರಚಲಿತ ಮತವೊಂದರ ಪರಿಶೀಲನೆ

೧

ರೋಗನಿರೋಧ ಶಾಸ್ತ್ರವನ್ನು ಓದುವ ವಿದ್ಯಾರ್ಥಿಗೆ ಇಂಟರ್‌ಲ್ಯೂಕಿನ್-೬ ಎಂಬ ಸೈಟೊಕೈನಿನ ಪರಿಚಯ ಬೇಗನೆ ಆಗುತ್ತದೆ. ಅದರ ಗ್ರಾಹಕ ಪ್ರೋಟೀನಿನ ಪ್ರಸ್ತಾಪ ಬಂದಾಗ ಈಚಿನ ಪಾಠಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ಒಂದು ಸೂತ್ರವನ್ನು ಮುಂದಿಡುವುದು ವಾಡಿಕೆಯಾಗಿದೆ. ಆ ಸೂತ್ರದ ಸಾರ ಇಷ್ಟು: ಈ ಗ್ರಾಹಕಕ್ಕೆ ಎರಡು ರೂಪಗಳುಂಟು, ಒಂದು ಜೀವಕೋಶದ ಪೊರೆಯಲ್ಲಿ ನೆಲಸಿರತಕ್ಕದ್ದು, ಇನ್ನೊಂದು ಪೊರೆಯಿಂದ ಬಿಡಿಸಿಕೊಂಡು ರಕ್ತದಲ್ಲಿ ಕರಗಿರತಕ್ಕದ್ದು. ಪೊರೆಯ ಗ್ರಾಹಕದ ಮೂಲಕ ಬರುವ ಸಂಕೇತ ದೇಹರಕ್ಷಕ. ಕರಗಿದ ಗ್ರಾಹಕದ ಮೂಲಕ ಬರುವ ಸಂಕೇತ ಉರಿಯೂತಕಾರಕ. ಸಂಕ್ಷೇಪವಾಗಿ ಹೇಳುವುದಾದರೆ, ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು.

ಈ ಸೂತ್ರ ನೆನಪಿನಲ್ಲಿಡಲು ಸುಲಭ. ಪರೀಕ್ಷೆಯಲ್ಲಿ ಬರೆಯಲೂ ಸುಲಭ. ಅದರಲ್ಲಿ ಸತ್ಯಾಂಶವಿಲ್ಲವೆಂದು ಯಾರೂ ಹೇಳಲಾರರು. ಆದರೆ ಅದು ಎಷ್ಟರ ಮಟ್ಟಿಗೆ ಸತ್ಯ, ಎಲ್ಲಿಂದ ಮುಂದೆ ಅದು ನಮ್ಮ ತಿಳಿವಳಿಕೆಗೆ ತೊಡಕಾಗುತ್ತದೆ ಎಂಬುದನ್ನು ವಿಚಾರಿಸಿ ನೋಡಬೇಕಾದ ಕಾಲ ಬಂದಿದೆ. ಪ್ರಕೃತ ಲೇಖನದ ಉದ್ದೇಶ ಅಷ್ಟೆ.

ಇದು ಕೇವಲ ಶಾಸ್ತ್ರಜ್ಞರ ವಾಗ್ವಾದವೆಂದು ವಾಚಕರು ಭಾವಿಸಬಾರದು. ೨೦೨೧ರ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ದೇಶದಲ್ಲಿ ಕೋವಿಡ್‌ನ ಎರಡನೆಯ ಅಲೆ ಎದ್ದಾಗ ಟೊಸಿಲಿಜುಮಾಬ್ ಎಂಬ ಔಷಧಕ್ಕೆ ಅಭಾವವುಂಟಾಗಿ, ರೋಗಿಗಳ ಬಂಧುಗಳು ಅದನ್ನು ಅರಸುತ್ತ ಅಲೆದುದು ಇನ್ನೂ ಎಲ್ಲರ ನೆನಪಿನಲ್ಲಿದೆ. ಆ ಔಷಧ ಬೇರೇನೂ ಅಲ್ಲ. ಇಲ್ಲಿ ನಾವು ವಿಚಾರಿಸಹೊರಟಿರುವ ಗ್ರಾಹಕವನ್ನೇ ಹಿಡಿದು ಮುಚ್ಚುವ ಒಂದು ಪ್ರತಿಕಾಯ. ಅದು ಯಾರಿಗೆ ಬೇಕು, ಯಾವಾಗ ಬೇಕು, ಯಾರಿಗೆ ಬೇಡ ಎಂಬ ನಿರ್ಣಯ ಈ ಗ್ರಾಹಕದ ಕಾರ್ಯವನ್ನು ನಾವು ಹೇಗೆ ಅರ್ಥಮಾಡಿಕೊಂಡಿದ್ದೇವೆ ಎಂಬುದನ್ನು ಅವಲಂಬಿಸಿದ್ದಿತು. ಸೂತ್ರ ತಪ್ಪಾದರೆ ಅದರ ಬೆಲೆಯನ್ನು ತೆರುವವನು ರೋಗಿ.

ವಿಚಾರಕ್ಕೆ ತೊಡಗುವ ಮುನ್ನ ನಮ್ಮ ಭಾಷೆಯ ಒಂದು ಶಬ್ದದ ಕಡೆಗೆ ಗಮನವೀಯುವುದು ಉಚಿತ. 'ಉರಿಯೂತ'ವೆಂಬುದು ಉರಿ, ಊತ ಎಂಬ ಎರಡು ಕಣ್ಣಿಗೆ, ಮೈಗೆ ತಿಳಿಯುವ ಲಕ್ಷಣಗಳನ್ನು ಕೂಡಿಸಿ ಮಾಡಿದ ಸಮಾಸ. ರೋಮನ್ ಲೇಖಕನಾದ ಸೆಲ್ಸಸ್ ಹೇಳಿದ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳಲ್ಲಿ ಎರಡು ನಮ್ಮ ಶಬ್ದದಲ್ಲಿಯೇ ಅಡಗಿವೆ. ಶಬ್ದ ಅರ್ಥವತ್ತಾಗಿದೆ, ಆದರೆ ಅದು ಬಾಧೆಯ ಹೆಸರೇ ಹೊರತು ಕಾರ್ಯದ ಹೆಸರಲ್ಲ. ಹೀಗಾಗಿ ಉರಿಯೂತವೆಂದ ಕೂಡಲೆ ಅದು ರೋಗವೆಂದೂ, ರೋಗನಿರೋಧವೆಂದ ಕೂಡಲೆ ಅದು ರಕ್ಷೆಯೆಂದೂ ಎರಡು ಪ್ರತ್ಯೇಕ ಕೋಣೆಗಳು ವಿದ್ಯಾರ್ಥಿಯ ಮನಸ್ಸಿನಲ್ಲಿ ಏರ್ಪಡುತ್ತವೆ. ವಾಸ್ತವದಲ್ಲಿ ಇವೆರಡೂ ಒಂದೇ ಮನೆಯ ಎರಡು ಬಾಗಿಲುಗಳು. ಗಾಯಕ್ಕೆ ನೆತ್ತರು ನುಗ್ಗುವುದು, ಬಿಳಿಯ ರಕ್ತಕಣಗಳು ನೆರೆಯುವುದು, ಜ್ವರ ಬರುವುದು, ಇವೆಲ್ಲ ರಕ್ಷಣೆಯ ಕ್ರಮಗಳೇ. ಮಿತಿಮೀರಿದಾಗ ಅಥವಾ ನಿಲ್ಲಬೇಕಾದಲ್ಲಿ ನಿಲ್ಲದಿದ್ದಾಗ ಅವೇ ಬಾಧೆಯಾಗುತ್ತವೆ.

೨

ಈ ಗ್ರಾಹಕದ ಇತಿಹಾಸ ಬೋಧಪ್ರದವಾದುದು. ಇಂಟರ್‌ಲ್ಯೂಕಿನ್-೬ ಒಂದೇ ಹೆಸರಿನಿಂದ ಹುಟ್ಟಿದ ವಸ್ತುವಲ್ಲ. ಪ್ರತಿಕಾಯಗಳನ್ನು ಉತ್ಪಾದಿಸಲು ಬಿ-ಕೋಶಗಳನ್ನು ಪ್ರಚೋದಿಸುವ ಅಂಶವೆಂದು ಒಬ್ಬರು, ಯಕೃತ್ತಿನ ಕೋಶಗಳನ್ನು ಪ್ರಚೋದಿಸುವ ಅಂಶವೆಂದು ಇನ್ನೊಬ್ಬರು, ಒಂದು ಬಗೆಯ ಇಂಟರ್‌ಫೆರಾನ್ ಎಂದು ಮತ್ತೊಬ್ಬರು ಇದನ್ನು ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿ ಬೆನ್ನಟ್ಟುತ್ತಿದ್ದರು. ೧೯೮೬ರಲ್ಲಿ ಜಪಾನಿನ ಒಸಾಕಾದಲ್ಲಿ ತದಮಿತ್ಸು ಕಿಶಿಮೊಟೊ, ತೊಶಿಯೊ ಹಿರಾನೊ ಮತ್ತು ಅವರ ಸಹೋದ್ಯೋಗಿಗಳು ಇದರ ಜೀನನ್ನು ಪ್ರತ್ಯೇಕಿಸಿದ ಬಳಿಕ ಈ ಹೆಸರುಗಳೆಲ್ಲ ಒಂದೇ ವ್ಯಕ್ತಿಯ ವಿವಿಧ ವೇಷಗಳೆಂಬುದು ಖಚಿತವಾಯಿತು. ಒಂದೇ ಅಣು ಬಿ-ಕೋಶದಲ್ಲಿ ಒಂದು ಕೆಲಸವನ್ನೂ ಯಕೃತ್ತಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡುವುದಾದರೆ, ಆ ವೈವಿಧ್ಯಕ್ಕೆ ಕಾರಣವನ್ನು ಅಣುವಿನಲ್ಲಿ ಹುಡುಕಿ ಫಲವಿಲ್ಲ. ಅದನ್ನು ಬರಮಾಡಿಕೊಳ್ಳುವ ಕೋಶದಲ್ಲಿ ಹುಡುಕಬೇಕು.

೧೯೮೮ರಲ್ಲಿ ಅದೇ ತಂಡದವರು ಗ್ರಾಹಕದ ಜೀನನ್ನು ಪಡೆದರು. ಮಾನವ ಗ್ರಾಹಕ ೪೬೮ ಅಮೈನೊ ಆಮ್ಲಗಳ ಒಂದು ಸರಪಳಿ. ಅದರ ಬಹುಭಾಗ ಕೋಶದ ಹೊರಗೆ ಚಾಚಿಕೊಂಡಿರುತ್ತದೆ. ಒಳಗೆ ಇರುವುದು ೮೨ ಅಮೈನೊ ಆಮ್ಲಗಳ ಒಂದು ಚಿಕ್ಕ ಬಾಲ ಮಾತ್ರ. ಇಲ್ಲಿ ಒಂದು ಸೋಜಿಗ ಕಾದಿದ್ದಿತು. ಆ ಬಾಲವನ್ನು ಕತ್ತರಿಸಿ ತೆಗೆದರೂ ಸಂಕೇತ ನಿಲ್ಲಲಿಲ್ಲ. ಅಂದಮೇಲೆ ಸಂದೇಶವನ್ನು ಒಳಕ್ಕೆ ಒಯ್ಯುವ ಪ್ರೋಟೀನು ಬೇರೊಂದಿರಲೇಬೇಕು. ಅದನ್ನು ೧೯೮೯ರಲ್ಲಿ ಗುರುತಿಸಿದರು. ಮರುವರ್ಷ ಅದರ ಜೀನು ದೊರೆಯಿತು. ಅದಕ್ಕೆ ಜಿ.ಪಿ.೧೩೦ ಎಂದು ಹೆಸರು.

ಈ ಎರಡರ ಕೆಲಸ ಹಂಚಿಕೆಯಾಗಿರುವ ರೀತಿ ಹೀಗಿದೆ. ಗ್ರಾಹಕವು ಇಂಟರ್‌ಲ್ಯೂಕಿನ್-೬ನ್ನು ಹಿಡಿಯುತ್ತದೆ. ಹಿಡಿದ ಜೋಡಿ ಜಿ.ಪಿ.೧೩೦ಕ್ಕೆ ತಗಲುತ್ತದೆ. ೨೦೦೩ರಲ್ಲಿ ಪ್ರಕಟವಾದ ಸ್ಫಟಿಕ ರಚನೆಯಿಂದ ತಿಳಿದಂತೆ ಇಂಟರ್‌ಲ್ಯೂಕಿನ್, ಗ್ರಾಹಕ, ಜಿ.ಪಿ.೧೩೦ ಇವು ತಲಾ ಎರಡೆರಡು ಸೇರಿ ಆರು ಅಣುಗಳ ಒಂದು ಕೂಟವಾಗುತ್ತದೆ. ಆಗ ಜಿ.ಪಿ.೧೩೦ರ ಒಳಬದಿಗೆ ಅಂಟಿಕೊಂಡಿರುವ ಜಾಕ್ ಎಂಬ ಕಿಣ್ವಗಳು ಎಚ್ಚತ್ತು, ಸ್ಟ್ಯಾಟ್-೩ ಎಂಬ ಪ್ರೋಟೀನಿಗೆ ಫಾಸ್ಫೇಟನ್ನು ಸೇರಿಸುತ್ತವೆ. ಅದು ಕೋಶಕೇಂದ್ರಕ್ಕೆ ಹೋಗಿ ಹಲವು ಜೀನುಗಳನ್ನು ಚಾಲನೆಗೊಳಿಸುತ್ತದೆ. ವ್ಯಾಕರಣದ ಪರಿಭಾಷೆಯಲ್ಲಿ ಹೇಳಬಹುದಾದರೆ, ಗ್ರಾಹಕವು ನಾಮಪದಕ್ಕೆ ಹತ್ತುವ ವಿಭಕ್ತಿ ಪ್ರತ್ಯಯವಿದ್ದಂತೆ, ಕ್ರಿಯಾಪದ ಜಿ.ಪಿ.೧೩೦. ಪ್ರತ್ಯಯ ತಾನಾಗಿ ಏನನ್ನೂ ಮಾಡದು. ಆದರೆ ಅದಿಲ್ಲದೆ ನಾಮಪದ ಕ್ರಿಯೆಯೊಡನೆ ಅನ್ವಯವನ್ನು ಪಡೆಯದು.

ಜಿ.ಪಿ.೧೩೦ ದೇಹದ ಹೆಚ್ಚುಕಡಮೆ ಎಲ್ಲ ಕೋಶಗಳಲ್ಲಿಯೂ ಇದೆ. ಗ್ರಾಹಕ ಹಾಗಲ್ಲ, ಯಕೃತ್ತಿನ ಕೋಶಗಳಲ್ಲಿಯೂ ಕೆಲವು ಬಗೆಯ ಬಿಳಿಯ ರಕ್ತಕಣಗಳಲ್ಲಿಯೂ ಅದು ಮುಖ್ಯವಾಗಿ ಕಂಡುಬರುತ್ತದೆ. ಆದುದರಿಂದ ಯಾವ ಕೋಶ ಇಂಟರ್‌ಲ್ಯೂಕಿನ್-೬ರ ಮಾತನ್ನು ಕೇಳಬೇಕು, ಯಾವುದು ಕೇಳಬಾರದು ಎಂಬುದನ್ನು ನಿಯಮಿಸುವುದೇ ಗ್ರಾಹಕದ ಪ್ರಧಾನ ಕಾರ್ಯವೆಂದು ಹೇಳಬೇಕಾಗುತ್ತದೆ. ಇದಕ್ಕೆ ವಿಲಕ್ಷಣವಾದ ಒಂದು ಸಾಕ್ಷ್ಯವುಂಟು. ಕಪೋಸಿ ಸಾರ್ಕೋಮಕ್ಕೆ ಕಾರಣವಾದ ಹರ್ಪಿಸ್ ವರ್ಗದ ವೈರಸ್ಸು ತನ್ನದೇ ಆದ ಒಂದು ಇಂಟರ್‌ಲ್ಯೂಕಿನ್-೬ನ್ನು ತಯಾರಿಸುತ್ತದೆ. ಅದು ಗ್ರಾಹಕದ ಹಂಗಿಲ್ಲದೆ ನೇರವಾಗಿ ಜಿ.ಪಿ.೧೩೦ನ್ನು ಹಿಡಿಯಬಲ್ಲದು. ವೈರಸ್ಸಿಗೆ ಯಾವ ಕಟ್ಟಳೆಯನ್ನು ದಾಟುವುದು ಲಾಭಕರವಾಯಿತೋ ಆ ಕಟ್ಟಳೆ ದೇಹಕ್ಕೆ ಎಷ್ಟು ಮುಖ್ಯವೆಂಬುದನ್ನು ಇದರಿಂದ ಊಹಿಸಬಹುದು.

೩

ಈಗ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿರೂಪಿಸುವುದು ನ್ಯಾಯ. ಸಾಮಾನ್ಯವಾಗಿ ಗ್ರಾಹಕವೊಂದು ಪೊರೆಯಿಂದ ಕಳಚಿ ರಕ್ತಕ್ಕೆ ಸೇರಿದರೆ, ಅದು ತನ್ನ ಸೈಟೊಕೈನನ್ನು ಅಲ್ಲಿಯೇ ಹಿಡಿದಿಟ್ಟು ಕೋಶಕ್ಕೆ ತಲುಪದಂತೆ ಮಾಡುತ್ತದೆ, ಅಂದರೆ ಪ್ರತಿಬಂಧಕವಾಗುತ್ತದೆ. ಇಂಟರ್‌ಲ್ಯೂಕಿನ್-೬ರ ಗ್ರಾಹಕ ಇದಕ್ಕೆ ವ್ಯತಿರಿಕ್ತ. ಕರಗಿದ ಗ್ರಾಹಕವು ಇಂಟರ್‌ಲ್ಯೂಕಿನ್-೬ನ್ನು ಹಿಡಿದುಕೊಂಡು ಹೋಗಿ, ಸ್ವಂತ ಗ್ರಾಹಕವಿಲ್ಲದ ಕೋಶದ ಜಿ.ಪಿ.೧೩೦ಕ್ಕೂ ತಗಲಿಸಬಲ್ಲದು. ಕೇಳಲಾರದ ಕೋಶಕ್ಕೆ ಹೀಗೆ ಹೊರಗಿನಿಂದ ಕಿವಿ ಬಂದಂತಾಗುತ್ತದೆ. ಜರ್ಮನಿಯ ಸ್ಟೆಫಾನ್ ರೋಸ್-ಜಾನ್ ಮತ್ತು ಅವರ ಸಹೋದ್ಯೋಗಿಗಳು ೧೯೯೦ರ ದಶಕದಿಂದ ಮೊದಲ್ಗೊಂಡು ವಿಸ್ತಾರವಾಗಿ ಪ್ರತಿಪಾದಿಸಿದ ಈ ಕ್ರಮಕ್ಕೆ 'ಟ್ರಾನ್ಸ್-ಸಂಕೇತನ'ವೆಂದು ಹೆಸರು. ಪೊರೆಯ ಗ್ರಾಹಕದ ಮೂಲಕ ನಡೆಯುವುದಕ್ಕೆ 'ಶಿಷ್ಟ ಸಂಕೇತನ'ವೆನ್ನಬಹುದು.

ಕರಗಿದ ಗ್ರಾಹಕ ಹುಟ್ಟುವುದು ಎರಡು ಬಗೆಯಿಂದ. ಆಡಮ್-೧೦, ಆಡಮ್-೧೭ ಎಂಬ ಕಿಣ್ವಗಳು ಪೊರೆಯ ಗ್ರಾಹಕವನ್ನು ಬುಡದಲ್ಲಿ ಕತ್ತರಿಸುವುದು ಒಂದು. ಜೀನಿನ ಸಂದೇಶದಿಂದ ಪೊರೆಯ ಭಾಗವನ್ನೇ ಬಿಟ್ಟು ಪ್ರೋಟೀನು ತಯಾರಾಗುವುದು ಇನ್ನೊಂದು. ಉರಿಯೂತದ ಸ್ಥಳಕ್ಕೆ ಮೊದಲು ಧಾವಿಸುವ ನ್ಯೂಟ್ರೊಫಿಲ್ ಕಣಗಳು ತಮ್ಮ ಗ್ರಾಹಕಗಳನ್ನು ಅಲ್ಲಿ ಉದುರಿಸುತ್ತವೆ. ರಕ್ತನಾಳಗಳ ಒಳಪದರದ ಕೋಶಗಳು ಇದರಿಂದ ಇಂಟರ್‌ಲ್ಯೂಕಿನ್-೬ಕ್ಕೆ ಸ್ಪಂದಿಸಿ, ಮುಂದಿನ ತಂಡವಾದ ಮಾನೊಸೈಟ್ ಕಣಗಳನ್ನು ಕರೆಯುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಇದಕ್ಕೆ ಪ್ರತಿಯಾಗಿ ರಕ್ತದಲ್ಲಿ ಜಿ.ಪಿ.೧೩೦ರ ಕರಗಿದ ರೂಪವೂ ಇದೆ. ಅದು ಇಂಟರ್‌ಲ್ಯೂಕಿನ್ ಮತ್ತು ಕರಗಿದ ಗ್ರಾಹಕ ಕೂಡಿದ ಜೋಡಿಯನ್ನು ಹಿಡಿದು ತಟಸ್ಥಗೊಳಿಸುತ್ತದೆ. ಈ ಗುಣವನ್ನು ಬಳಸಿಕೊಂಡು, ಟ್ರಾನ್ಸ್-ಸಂಕೇತನವನ್ನು ಮಾತ್ರ ತಡೆಯುವ ಒಂದು ಪ್ರೋಟೀನನ್ನು ನಿರ್ಮಿಸಲಾಯಿತು. ಇಲಿಗಳಲ್ಲಿ ಕೀಲುವಾತ, ಕರುಳಿನ ಉರಿಯೂತ ಮೊದಲಾದ ಪ್ರಾಯೋಗಿಕ ರೋಗಗಳನ್ನು ಅದು ಶಮನಗೊಳಿಸಿತು. ಓಲಮ್‌ಕಿಸೆಪ್ಟ್ ಎಂಬ ಹೆಸರಿನಿಂದ ಅದನ್ನು ದೊಡ್ಡ ಕರುಳಿನ ಹುಣ್ಣುರೋಗವಿರುವ ೯೧ ಮಂದಿಯಲ್ಲಿ ಪರೀಕ್ಷಿಸಿದ ಫಲ ೨೦೨೩ರಲ್ಲಿ ಪ್ರಕಟವಾಯಿತು. ಹೆಚ್ಚಿನ ಪ್ರಮಾಣದ ಔಷಧವನ್ನು ಪಡೆದವರಲ್ಲಿ ನೂರಕ್ಕೆ ೫೮.೬ ಮಂದಿಗೂ, ಹುಸಿಮದ್ದನ್ನು ಪಡೆದವರಲ್ಲಿ ನೂರಕ್ಕೆ ೩೪.೫ ಮಂದಿಗೂ ಗುಣ ಕಂಡಿತು.

ಇವು ಬಲವಾದ ಸಾಕ್ಷ್ಯಗಳೇ ಸರಿ. ಕರಗಿದ ಗ್ರಾಹಕವು ಕೆಲವು ಸಂದರ್ಭಗಳಲ್ಲಿ ಉರಿಯೂತವನ್ನು ಬೆಳೆಸುತ್ತದೆ ಎಂಬುದನ್ನು ಅಲ್ಲಗಳೆಯಲು ಆಧಾರವಿಲ್ಲ. ಸಂಶೋಧಕರ ಮೂಲ ಬರಹಗಳಲ್ಲಿ ಈ ಮಾತು ಸಾಕಷ್ಟು ಎಚ್ಚರಿಕೆಯಿಂದಲೇ ಬಂದಿದೆ. ನಮ್ಮ ಆಕ್ಷೇಪ ಅವರ ಮೇಲಲ್ಲ. 'ಕೆಲವು ಸಂದರ್ಭಗಳಲ್ಲಿ' ಎಂಬ ಪದಗಳನ್ನು ಬಿಟ್ಟು ಉಳಿದುದನ್ನು ನಿಯಮವಾಗಿ ಸಾರುವ ಬೋಧನಕ್ರಮದ ಮೇಲೆ.

೪

ಮೊದಲನೆಯ ಆಕ್ಷೇಪ: ಟ್ರಾನ್ಸ್-ಸಂಕೇತನ ಯಾವಾಗಲೂ ಕೆಡುಕಲ್ಲ. ಇಂಟರ್‌ಲ್ಯೂಕಿನ್-೬ ಇಲ್ಲದ ಇಲಿಗಳಲ್ಲಿ ಯಕೃತ್ತಿನ ಒಂದು ಭಾಗವನ್ನು ತೆಗೆದಾಗ ಅದು ಸರಿಯಾಗಿ ಮತ್ತೆ ಬೆಳೆಯುವುದಿಲ್ಲವೆಂದು ೧೯೯೬ರಲ್ಲಿ ತೋರಿಸಲಾಯಿತು. ಆ ಬಳಿಕ ಇಂಟರ್‌ಲ್ಯೂಕಿನ್-೬ನ್ನೂ ಕರಗಿದ ಗ್ರಾಹಕವನ್ನೂ ಒಂದೇ ಸರಪಳಿಯಾಗಿ ಜೋಡಿಸಿದ ಕೃತಕ ಪ್ರೋಟೀನನ್ನು ಕೊಟ್ಟಾಗ ಇಲಿಗಳ ಯಕೃತ್ತು ಇನ್ನೂ ಶೀಘ್ರವಾಗಿ ಬೆಳೆಯಿತು. ಕೆಟ್ಟದ್ದೆಂದು ಹೆಸರಾದ ಸಂಕೇತವೇ ಇಲ್ಲಿ ಅಂಗವನ್ನು ಉಳಿಸುವ ಕೆಲಸ ಮಾಡಿತು. ನ್ಯೂಟ್ರೊಫಿಲ್‌ಗಳ ಹಿಂದೆ ಮಾನೊಸೈಟ್‌ಗಳು ಬರುವ ಮೇಲೆ ಹೇಳಿದ ಕ್ರಮವನ್ನೇ ನೋಡಬಹುದು. ಅದು ತೀವ್ರವಾದ ಉರಿಯೂತದ ಮೊದಲ ಹಂತವನ್ನು ಮುಗಿಸಿ ಶುದ್ಧೀಕರಣದ ಹಂತಕ್ಕೆ ಒಯ್ಯುವ ಮೆಟ್ಟಿಲು. ಮೆಟ್ಟಿಲಿನಲ್ಲಿಯೇ ನಿಂತುಬಿಟ್ಟರೆ ರೋಗ ಹಳೆಯದಾಗುತ್ತದೆ. ಆದರೆ ಆ ದೋಷ ಮೆಟ್ಟಿಲಿನದಲ್ಲ.

ಎರಡನೆಯ ಆಕ್ಷೇಪ: ಪೊರೆಯ ಗ್ರಾಹಕ ಯಾವಾಗಲೂ ರಕ್ಷಕವಲ್ಲ. ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಮೂರನೆಯ ಕ್ರಮವನ್ನು ಬೆಳಕಿಗೆ ತಂದಿತು. ಡೆಂಡ್ರೈಟಿಕ್ ಕೋಶವು ತನ್ನ ಪೊರೆಯ ಗ್ರಾಹಕದ ಮೇಲೆ ಇಂಟರ್‌ಲ್ಯೂಕಿನ್-೬ನ್ನು ಹಿಡಿದುಕೊಂಡು, ಎದುರಿಗಿರುವ ಟಿ-ಕೋಶದ ಜಿ.ಪಿ.೧೩೦ಕ್ಕೆ ಒಪ್ಪಿಸುತ್ತದೆ. ಹೀಗೆ ಪ್ರಚೋದಿತವಾದ ಟಿ-ಕೋಶಗಳು ಇಲಿಗಳಲ್ಲಿ ನರಮಂಡಲದ ಮೇಲೆ ಆಕ್ರಮಣ ಮಾಡುವ ಉಗ್ರಸ್ವರೂಪವನ್ನು ತಾಳಿದುವು. ಇಲ್ಲಿ ಗ್ರಾಹಕ ಕರಗಿಲ್ಲ, ಪೊರೆಯಲ್ಲಿಯೇ ಇದೆ. ಪರಿಣಾಮ ಮಾತ್ರ ಹಾನಿಕರ. 'ಪೊರೆಯದು ಒಳ್ಳೆಯದು' ಎಂಬ ಸೂತ್ರಾರ್ಧಕ್ಕೆ ಇದರಿಂದ ಭಂಗ ಬರುತ್ತದೆ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಬಲವಾದುದು. ಅದು ಮನುಷ್ಯರ ಅನುವಂಶಿಕತೆಯಿಂದ ಬಂದಿದೆ. ಗ್ರಾಹಕದ ಸರಪಳಿಯಲ್ಲಿ ೩೫೮ನೆಯ ಸ್ಥಾನದಲ್ಲಿ ಸಾಮಾನ್ಯವಾಗಿ ಆಸ್ಪಾರ್ಟಿಕ್ ಆಮ್ಲವಿರುತ್ತದೆ. ಅನೇಕರಲ್ಲಿ ಅದರ ಬದಲು ಅಲನೀನ್ ಇರುತ್ತದೆ. ಈ ಸ್ಥಾನ ಕಿಣ್ವಗಳು ಕತ್ತರಿಸುವ ಜಾಗಕ್ಕೆ ಹತ್ತಿರದಲ್ಲಿದೆ. ಅಲನೀನ್ ಇದ್ದಾಗ ಗ್ರಾಹಕ ಸುಲಭವಾಗಿ ಕಳಚಿಕೊಳ್ಳುತ್ತದೆ. ರಕ್ತದಲ್ಲಿ ಕರಗಿದ ಗ್ರಾಹಕ ಹೆಚ್ಚುತ್ತದೆ. ಪ್ರಚಲಿತ ಸೂತ್ರ ನಿಜವಾಗಿದ್ದಲ್ಲಿ ಇಂಥವರಲ್ಲಿ ಉರಿಯೂತ ಹೆಚ್ಚಾಗಿರಬೇಕಾಗಿದ್ದಿತು. ೨೦೧೨ರಲ್ಲಿ ಲಕ್ಷಾಂತರ ಜನರ ವಿವರಗಳನ್ನು ಕೂಡಿಸಿ ಮಾಡಿದ ಅಧ್ಯಯನಗಳು ಇದಕ್ಕೆ ತದ್ವಿರುದ್ಧವಾದುದನ್ನು ತೋರಿಸಿದುವು. ಅವುಗಳಲ್ಲಿ ಒಂದರ ಪ್ರಕಾರ, ಈ ರೂಪಾಂತರದ ಪ್ರತಿಯೊಂದು ಪ್ರತಿಗೂ ಕರಗಿದ ಗ್ರಾಹಕ ನೂರಕ್ಕೆ ಸುಮಾರು ೩೪ರಷ್ಟು ಹೆಚ್ಚುತ್ತದೆ. ಆದರೆ ಉರಿಯೂತದ ಸೂಚಕವಾದ ಸಿ-ರಿಯಾಕ್ಟಿವ್ ಪ್ರೋಟೀನು ನೂರಕ್ಕೆ ೭.೫ರಷ್ಟು ಕಡಮೆಯಾಗುತ್ತದೆ, ಹೃದಯದ ರಕ್ತನಾಳಗಳ ರೋಗದ ಸಂಭವ ನೂರಕ್ಕೆ ೩.೪ರಷ್ಟು ತಗ್ಗುತ್ತದೆ.

ಪೂರ್ವಪಕ್ಷದವರು ಇದಕ್ಕೆ ಸಮಾಧಾನ ಹೇಳದಿಲ್ಲ. ಕರಗಿದ ಗ್ರಾಹಕ ಹೆಚ್ಚಿದಾಗ ಅದು ಕರಗಿದ ಜಿ.ಪಿ.೧೩೦ರೊಡನೆ ಸೇರಿ, ರಕ್ತದಲ್ಲಿರುವ ಇಂಟರ್‌ಲ್ಯೂಕಿನ್-೬ನ್ನು ಹೆಚ್ಚಾಗಿ ಹೀರಿ ನಿಷ್ಫಲಗೊಳಿಸುತ್ತದೆ ಎಂಬುದು ಅವರ ಉತ್ತರ. ಪೊರೆಯಲ್ಲಿ ಗ್ರಾಹಕ ಕಡಮೆಯಾದುದೇ ಕಾರಣವೆಂದು ಬೇರೆಯವರು ಹೇಳುತ್ತಾರೆ. ಈ ಎರಡು ವಿವರಣೆಗಳೂ ಯುಕ್ತವೇ. ಎರಡೂ ಕೂಡಿಯೇ ಕೆಲಸ ಮಾಡುತ್ತಿರಲೂಬಹುದು. ಆದರೆ ಯಾವುದನ್ನು ಒಪ್ಪಿದರೂ ಸೂತ್ರ ಉಳಿಯುವುದಿಲ್ಲ. ಮೊದಲನೆಯದನ್ನು ಒಪ್ಪಿದರೆ, ಕರಗಿದ ಗ್ರಾಹಕ ಸಂದರ್ಭಾನುಸಾರವಾಗಿ ಪ್ರತಿಬಂಧಕವೂ ಆಗುತ್ತದೆಂದು ಒಪ್ಪಿದಂತಾಯಿತು. ಎರಡನೆಯದನ್ನು ಒಪ್ಪಿದರೆ, ಪೊರೆಯ ಗ್ರಾಹಕವೇ ಉರಿಯೂತಕ್ಕೆ ಒಂದು ದಾರಿಯೆಂದು ಒಪ್ಪಿದಂತಾಯಿತು.

ಈ ರೂಪಾಂತರದ ಕಥೆ ಇಲ್ಲಿಗೆ ಮುಗಿಯದು. ಹೃದಯಕ್ಕೆ ಹಿತವಾದ ಇದೇ ರೂಪಾಂತರಕ್ಕೂ ಉಬ್ಬಸದ ಸಂಭವ ಸ್ವಲ್ಪ ಹೆಚ್ಚುವುದಕ್ಕೂ ಸಂಬಂಧವುಂಟೆಂದು ೨೦೧೧ರಲ್ಲಿಯೇ ಕಂಡುಬಂದಿದ್ದಿತು. ಒಂದೇ ಅಮೈನೊ ಆಮ್ಲದ ಬದಲಾವಣೆ ಒಂದು ಅಂಗಕ್ಕೆ ಲಾಭವನ್ನೂ ಇನ್ನೊಂದಕ್ಕೆ ನಷ್ಟವನ್ನೂ ತರುವಾಗ, ಒಳ್ಳೆಯದು, ಕೆಟ್ಟದ್ದು ಎಂಬ ವಿಶೇಷಣಗಳನ್ನು ಯಾವುದಕ್ಕೆ ಹಚ್ಚಬೇಕು?

೫

ಸೂತ್ರದ ಪರವಾಗಿ ಕೆಲವರು ಚಿಕಿತ್ಸೆಯ ಫಲಗಳನ್ನು ಮುಂದೊಡ್ಡುತ್ತಾರೆ. ಟೊಸಿಲಿಜುಮಾಬ್ ೨೦೦೫ರಲ್ಲಿ ಜಪಾನಿನಲ್ಲಿ ಕ್ಯಾಸಲ್‌ಮನ್ ರೋಗಕ್ಕೂ, ೨೦೦೮ರಲ್ಲಿ ಅಲ್ಲಿಯೇ ಕೀಲುವಾತಕ್ಕೂ ಮಾನ್ಯತೆ ಪಡೆಯಿತು. ಅಮೆರಿಕದಲ್ಲಿ ಕೀಲುವಾತಕ್ಕೆ ೨೦೧೦ರಲ್ಲಿಯೂ, ಕಾರ್-ಟಿ ಕೋಶಚಿಕಿತ್ಸೆಯಿಂದ ಉಂಟಾಗುವ ತೀವ್ರ ಸೈಟೊಕೈನ್ ಉದ್ರೇಕಕ್ಕೆ ೨೦೧೭ರಲ್ಲಿಯೂ ಮಾನ್ಯತೆ ದೊರೆಯಿತು. ಇದು ಗ್ರಾಹಕದ ಇತಿಹಾಸದಲ್ಲಿ ಒಂದು ದೊಡ್ಡ ವಿಜಯ. ಆದರೆ ಈ ಪ್ರತಿಕಾಯ ಪೊರೆಯ ಗ್ರಾಹಕವನ್ನೂ ಕರಗಿದ ಗ್ರಾಹಕವನ್ನೂ ಸಮನಾಗಿ ಮುಚ್ಚುತ್ತದೆ. ಎರಡನ್ನೂ ಮುಚ್ಚಿದಾಗ ದೊರೆತ ಗುಣವನ್ನು ಒಂದರ ಲೆಕ್ಕಕ್ಕೆ ಬರೆಯುವುದು ತರ್ಕಸಮ್ಮತವಲ್ಲ.

ಚಿಕಿತ್ಸೆಯಿಂದ ನಾವು ಕಲಿಯಬೇಕಾದ ಪಾಠಗಳು ಬೇರೆ. ಇಂಟರ್‌ಲ್ಯೂಕಿನ್-೬ರ ಸಂಕೇತ ನಿಂತರೆ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ಬಹುಮಟ್ಟಿಗೆ ತಯಾರಿಸುವುದಿಲ್ಲ, ಜ್ವರವೂ ತಗ್ಗುತ್ತದೆ. ಆದುದರಿಂದ ಈ ಔಷಧವನ್ನು ಪಡೆಯುತ್ತಿರುವವನಿಗೆ ಕೀವಿನ ಸೋಂಕು ತಗಲಿದರೂ ರಕ್ತಪರೀಕ್ಷೆ ಶಾಂತವಾಗಿ ಕಾಣಬಹುದು. ಸೂಚಕ ಇಳಿದುದನ್ನು ರೋಗ ಇಳಿದುದೆಂದು ಭ್ರಮಿಸುವ ವೈದ್ಯ ಅಪಾಯವನ್ನು ಕಾಣದೆ ಹೋಗುತ್ತಾನೆ. ಇದರ ವಿಪರ್ಯಾಸವೂ ಉಂಟು. ಗ್ರಾಹಕವೇ ಇಂಟರ್‌ಲ್ಯೂಕಿನ್-೬ನ್ನು ರಕ್ತದಿಂದ ತೆಗೆದುಹಾಕುವ ದಾರಿಯೂ ಆಗಿರುವುದರಿಂದ, ಅದನ್ನು ಮುಚ್ಚಿದ ಮೇಲೆ ರಕ್ತದಲ್ಲಿ ಇಂಟರ್‌ಲ್ಯೂಕಿನ್-೬ರ ಪ್ರಮಾಣ ಏರುತ್ತದೆ. ಅದನ್ನು ನೋಡಿ ರೋಗ ಉಲ್ಬಣಿಸಿತೆಂದು ಗಾಬರಿಯಾಗುವುದು ಅಷ್ಟೇ ತಪ್ಪು.

ಈ ಗ್ರಾಹಕವಿಲ್ಲದೆ ಮನುಷ್ಯ ಸುಖವಾಗಿರಬಲ್ಲನೆ? ೨೦೦೮ರಲ್ಲಿ ವರದಿಯಾದ ಒಂದು ಮಗುವಿನ ದೇಹ ಇಂಟರ್‌ಲ್ಯೂಕಿನ್-೬ರ ವಿರುದ್ಧ ತಾನೇ ಪ್ರತಿಕಾಯಗಳನ್ನು ತಯಾರಿಸಿಕೊಂಡಿದ್ದಿತು. ಆ ಮಗುವಿಗೆ ಸ್ಟ್ಯಾಫಿಲೊಕಾಕಸ್‌ನಿಂದ ಚರ್ಮದಡಿಯ ಕೀವುಬಾವುಗಳು ಮರಳಿ ಮರಳಿ ಆಗುತ್ತಿದ್ದುವು, ಆದರೂ ಸಿ-ರಿಯಾಕ್ಟಿವ್ ಪ್ರೋಟೀನು ಏರುತ್ತಿರಲಿಲ್ಲ. ೨೦೧೯ರಲ್ಲಿ ಗ್ರಾಹಕದ ಜೀನೇ ಕೆಟ್ಟಿದ್ದ ಇಬ್ಬರು ರೋಗಿಗಳ ವರದಿ ಬಂದಿತು. ಅವರಲ್ಲಿಯೂ ಮರುಕಳಿಸುವ ಸೋಂಕು ಮತ್ತು ಅಸಹಜವಾದ ಉರಿಯೂತ ಪ್ರತಿಕ್ರಿಯೆ ಕಂಡುಬಂದುವು. ಇಂಟರ್‌ಲ್ಯೂಕಿನ್-೬ ಇಲ್ಲದ ಇಲಿಗಳು ಲಿಸ್ಟೀರಿಯ ಮೊದಲಾದ ಸೋಂಕುಗಳಿಗೆ ಸುಲಭವಾಗಿ ತುತ್ತಾಗುತ್ತವೆಂದು ೧೯೯೪ರಲ್ಲಿಯೇ ತಿಳಿದಿದ್ದಿತು. ಉರಿಯೂತವನ್ನು ಏಳಿಸಲಾರದ ದೇಹ ರಕ್ಷಣೆಯನ್ನೂ ಏಳಿಸಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇನ್ನು ಕೋವಿಡ್‌ನ ವಿಚಾರ. ಆ ರೋಗದ ಮೊದಲ ತಿಂಗಳುಗಳಲ್ಲಿ 'ಸೈಟೊಕೈನ್ ಬಿರುಗಾಳಿ' ಎಂಬ ಮಾತು ಎಲ್ಲೆಡೆ ಹರಡಿತು. ಬಿರುಗಾಳಿಯಾದರೆ ಅದನ್ನು ನಿಲ್ಲಿಸಬೇಕು; ಗ್ರಾಹಕವನ್ನು ಮುಚ್ಚಿದರೆ ನಿಲ್ಲುತ್ತದೆ ಎಂಬುದು ಸರಳವಾದ ಅನುಮಾನ. ಆದರೆ ಅನೇಕ ವರದಿಗಳನ್ನು ಕೂಡಿಸಿ ನೋಡಿದಾಗ, ತೀವ್ರ ಕೋವಿಡ್ ರೋಗಿಗಳ ರಕ್ತದಲ್ಲಿದ್ದ ಇಂಟರ್‌ಲ್ಯೂಕಿನ್-೬ಕ್ಕಿಂತ ಕಾರ್-ಟಿ ಚಿಕಿತ್ಸೆಯ ಉದ್ರೇಕದಲ್ಲಿ ಅದರ ಪ್ರಮಾಣ ಸುಮಾರು ನೂರು ಪಟ್ಟು ಹೆಚ್ಚೆಂದು ೨೦೨೦ರಲ್ಲಿ ತಿಳಿಯಿತು. ೨೦೨೧ರಲ್ಲಿ ಪ್ರಕಟವಾದ 'ಕೋವಾಕ್ಟ' ಪರೀಕ್ಷೆಯಲ್ಲಿ ೨೮ನೆಯ ದಿನಕ್ಕೆ ಔಷಧ ಪಡೆದವರಲ್ಲಿ ನೂರಕ್ಕೆ ೧೯.೭, ಪಡೆಯದವರಲ್ಲಿ ೧೯.೪ ಮಂದಿ ಮೃತರಾಗಿದ್ದರು; ವ್ಯತ್ಯಾಸವಿಲ್ಲವೆಂದೇ ಹೇಳಬೇಕು. ನಮ್ಮ ದೇಶದ ೧೨ ಆಸ್ಪತ್ರೆಗಳಲ್ಲಿ ೧೮೦ ರೋಗಿಗಳನ್ನು ಕುರಿತು ನಡೆದ 'ಕೋವಿನ್‌ಟಾಕ್' ಪರೀಕ್ಷೆಯೂ ರೋಗ ಉಲ್ಬಣಿಸುವುದನ್ನು ಔಷಧ ತಡೆಯಿತೆಂದು ಸಾಧಿಸಲಾರದೆ ಹೋಯಿತು.

ಹಾಗಾದರೆ ಔಷಧ ನಿಷ್ಪ್ರಯೋಜಕವೆ? ಅದೂ ಅಲ್ಲ. ಬ್ರಿಟನ್ನಿನ 'ರಿಕವರಿ' ಪರೀಕ್ಷೆಯಲ್ಲಿ ೪೧೧೬ ಮಂದಿಯನ್ನು ಆರಿಸಿಕೊಂಡಿದ್ದರು. ಅವರೆಲ್ಲರಿಗೂ ಆಮ್ಲಜನಕದ ಕೊರತೆಯೂ, ಲೀಟರಿಗೆ ೭೫ ಮಿಲಿಗ್ರಾಂ ಅಥವಾ ಅದಕ್ಕೂ ಮೀರಿದ ಸಿ-ರಿಯಾಕ್ಟಿವ್ ಪ್ರೋಟೀನೂ ಇದ್ದುವು. ಅವರಲ್ಲಿ ನೂರಕ್ಕೆ ೮೨ ಮಂದಿ ಸ್ಟೆರಾಯ್ಡ್ ಔಷಧವನ್ನೂ ಪಡೆಯುತ್ತಿದ್ದರು. ೨೮ ದಿನಗಳಲ್ಲಿ ಟೊಸಿಲಿಜುಮಾಬ್ ಪಡೆದವರಲ್ಲಿ ನೂರಕ್ಕೆ ೩೧ ಮಂದಿಯೂ, ಪಡೆಯದವರಲ್ಲಿ ೩೫ ಮಂದಿಯೂ ಮರಣ ಹೊಂದಿದರು. ಲಾಭ ನಿಜ, ಆದರೆ ಸಾಧಾರಣ. ಅದು ದೊರೆತುದು ಆಯ್ದ ರೋಗಿಗಳಿಗೆ, ಉರಿಯೂತ ಸ್ಪಷ್ಟವಾಗಿ ಏರಿದ್ದ ಹಂತದಲ್ಲಿ, ಹೆಚ್ಚಾಗಿ ಸ್ಟೆರಾಯ್ಡ್‌ನ ಜೊತೆಯಲ್ಲಿ. ಒಂದೇ ಗ್ರಾಹಕ, ಒಂದೇ ಪ್ರತಿಕಾಯ, ಒಂದೇ ರೋಗ. ರೋಗಿಯನ್ನು ಆರಿಸಿದ ಬಗೆಯೂ ಜೊತೆಯ ಚಿಕಿತ್ಸೆಯೂ ಬೇರೆಯಾದಾಗ ಫಲವೂ ಬೇರೆಯಾಗಿ ಕಂಡಿತು. ೨೦೨೧ರ ಆ ಬೇಸಗೆಯಲ್ಲಿ ಔಷಧ ದೊರೆಯದೆ ನೊಂದ ಮನೆಗಳವರಿಗೆ ಈ ಮಾತು ಸಮಾಧಾನವಾಗಲಾರದು. ಆದರೆ ಅದನ್ನು ಸರ್ವರೋಗಿಗಳಿಗೂ ಸಂಜೀವಿನಿಯೆಂದು ನಂಬಿಸಿದ ಸರಳ ತಿಳಿವಳಿಕೆಯ ಹೊಣೆಯನ್ನು ವಿಜ್ಞಾನವನ್ನು ಬೋಧಿಸುವ ನಾವೂ ಒಂದಿಷ್ಟು ಹೊರಬೇಕಾಗುತ್ತದೆ.

೬

ಇಷ್ಟರಿಂದ ಸಿದ್ಧವಾಗುವುದೇನು? ಕರಗಿದ ಗ್ರಾಹಕ, ಪೊರೆಯ ಗ್ರಾಹಕ ಎಂಬ ಭೇದ ಸುಳ್ಳಲ್ಲ. ಅದನ್ನು ಕಂಡುಹಿಡಿದುದು ಈ ಶಾಸ್ತ್ರದ ಉತ್ತಮ ಸಾಧನೆಗಳಲ್ಲಿ ಒಂದು. ತಪ್ಪಿರುವುದು ಆ ಭೇದಕ್ಕೆ ಗುಣದೋಷಗಳ ಹಣೆಪಟ್ಟಿ ಕಟ್ಟುವುದರಲ್ಲಿ. ರಚನೆಯ ಭೇದವನ್ನು ಮೌಲ್ಯದ ಭೇದವೆಂದು ತಿಳಿದಾಗ, ವಿರುದ್ಧವಾದ ಸಾಕ್ಷ್ಯಗಳು ಕಣ್ಣಿಗೆ ಬೀಳುವುದೇ ಇಲ್ಲ.

ಸೂತ್ರವನ್ನು ಕಿತ್ತುಕೊಂಡು ವಿದ್ಯಾರ್ಥಿಯನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಆಕ್ಷೇಪ ಬರಬಹುದು. ಅದು ನ್ಯಾಯವಾದುದೇ. ಅದರ ಸ್ಥಾನದಲ್ಲಿ ನಾಲ್ಕು ಪ್ರಶ್ನೆಗಳನ್ನು ಕೊಡಬಹುದೆಂದು ನಮಗೆ ತೋರುತ್ತದೆ. ಸಂಕೇತವನ್ನು ಪಡೆಯುತ್ತಿರುವ ಕೋಶ ಯಾವುದು? ರೋಗದ ಯಾವ ಹಂತದಲ್ಲಿ ಪಡೆಯುತ್ತಿದೆ? ಇಂಟರ್‌ಲ್ಯೂಕಿನ್-೬, ಕರಗಿದ ಗ್ರಾಹಕ, ಕರಗಿದ ಜಿ.ಪಿ.೧೩೦ ಇವು ಮೂರೂ ಪರಸ್ಪರ ಯಾವ ಪ್ರಮಾಣದಲ್ಲಿವೆ? ಸಂಕೇತ ನಿಂತರೆ ಏನು ನಷ್ಟ? ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಮೇಲಿನ ಉದಾಹರಣೆಗಳನ್ನು ನೋಡಿದರೆ, ಯಕೃತ್ತಿನ ಬೆಳವಣಿಗೆ, ಡೆಂಡ್ರೈಟಿಕ್ ಕೋಶದ ವರ್ತನೆ, ೩೫೮ನೆಯ ಅಮೈನೊ ಆಮ್ಲದ ವಿಚಾರ, ಕೋವಿಡ್ ಪರೀಕ್ಷೆಗಳ ಭಿನ್ನಫಲ ಇವುಗಳಲ್ಲಿ ಯಾವುದೂ ಅಪವಾದವಾಗಿ ಉಳಿಯುವುದಿಲ್ಲ. ಅಪವಾದಗಳ ಪಟ್ಟಿ ಬೆಳೆಯುತ್ತ ಹೋಗುವ ನಿಯಮಕ್ಕಿಂತ, ಅವುಗಳಿಗೆ ಎಡೆಕೊಡುವ ಪ್ರಶ್ನೆಗಳು ಮೇಲು.

ನಾಲ್ಕನೆಯ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಉರಿಯೂತವೆಂಬುದು ನಮ್ಮ ಕಿವಿಗೆ ಬಾಧೆಯ ಹೆಸರಾಗಿರುವುದರಿಂದ, ಅದು ನಿಂತರೆ ಲಾಭವೇ ಹೊರತು ನಷ್ಟವಿಲ್ಲವೆಂದು ಮನಸ್ಸು ಒಪ್ಪಿಬಿಡುತ್ತದೆ. ಕೀವುಬಾವುಗಳಿಂದ ನರಳಿದ ಆ ಮಗುವಿನ ರಕ್ತಪರೀಕ್ಷೆಯಲ್ಲಿ ಉರಿಯೂತದ ಸೂಚಕ ಏರಿರಲಿಲ್ಲ. ತರಗತಿಯಲ್ಲಿ ಈ ಗ್ರಾಹಕದ ಪಾಠವನ್ನು ಆರಂಭಿಸುವಾಗ ಆ ಒಂದು ಸಂಗತಿಯಿಂದಲೇ ಆರಂಭಿಸಿದರೆ, ಉಳಿದುದನ್ನು ವಿದ್ಯಾರ್ಥಿಗಳು ತಾವೇ ವಿಚಾರಿಸಿ ತಿಳಿಯುವರು.